ಉಳಿದದ್ದು ಖಾಲಿ

೪ ಫೆಬ್ರವರಿ ೧೯೯೭

ಮಾನ್ಯ ಸ್ವಯಂಸೇವಕರೇ,

ನೀವು ಪ್ರತಿ ಮಾಡಿ ಕಳಿಸಿದ ಹದಿನೇಳನೆಯ ಕಟ್ಟು ನಿನ್ನೆ ಕೈಸೇರಿತು. ಅಕ್ಷರ ಮುದ್ದಾಗಿದೆ. ಎಪ್ಪತ್ತಾರು ವರ್ಷ ಹಿಂದೆ ಮನೆಮನೆಗೆ ಹೋಗಿ ಜನ ಎಣಿಸಿ ಬರೆದ ಆ ಎಣಿಕೆಯವನ ಕೋಳಿ ಕೆರೆದಂಥ ಬರವಣಿಗೆಯನ್ನು ಇಷ್ಟು ತಾಳ್ಮೆಯಿಂದ ಬಿಡಿಸಿದವರು ನಮ್ಮಲ್ಲಿ ಕಡಿಮೆ. ಇಂಥವರಿಂದಲೇ ಈ ವಂಶದಾಖಲೆ ಕೆಲಸ ನಡೆಯುತ್ತಿದೆ.

ಒಂದೇ ಒಂದು ಸಂದೇಹ. ಮನೆಗೊಂದು ಹಾಳೆಯಂತೆ ಆ ಬೀದಿಯ ಮನೆಗಳೆಲ್ಲ ಇವೆಯಲ್ಲ, ಅದರಲ್ಲಿ ನಲವತ್ತಾರನೆಯ ಹಾಳೆಯಲ್ಲಿ ನೀವು ನಾಲ್ಕು ಹೆಸರು ಬರೆದಿದ್ದೀರಿ: ಕೊಡೆ ರಿಪೇರಿ ಮಾಡುವ ಮನೆ ಯಜಮಾನ, ಅವನ ಹೆಂಡತಿ, ಆರು ವರ್ಷದ ಮಗಳು, ಒಂದು ಕೂಸು. ಪ್ರತಿ ಕಟ್ಟನ್ನೂ ನಾವು ಇಬ್ಬರು ಸ್ವಯಂಸೇವಕರಿಗೆ ಬೇರೆ ಬೇರೆಯಾಗಿ ಕೊಟ್ಟು ತಾಳೆ ನೋಡುತ್ತೇವೆ. ಇನ್ನೊಬ್ಬರು ಅದೇ ಹಾಳೆಗೆ "ಮನೆ ಸಂಖ್ಯೆ ೪೬. ಉಳಿದದ್ದು ಖಾಲಿ" ಎಂದು ಬರೆದಿದ್ದಾರೆ.

ನಿಯಮ ನಿಮಗೆ ಗೊತ್ತೇ ಇದೆ. ಏನೂ ಇಲ್ಲದ ಹಾಳೆಯಾದರೆ "ಖಾಲಿ". ತಲೆಬರಹ ಮಾತ್ರ ಇದ್ದರೆ ಅದನ್ನು ಬರೆದು "ಉಳಿದದ್ದು ಖಾಲಿ". ಏನೋ ಇದೆ ಆದರೆ ಬಿಡಿಸಲಾಗದು ಎಂದಾದರೆ "ಓದಲಾಗದು". ಖಾಲಿ ಹಾಳೆ ಎಂದು ಬಿಟ್ಟು ಮುಂದೆ ಹೋಗುವಂತಿಲ್ಲ, ನಮಗೆ ತಿಳಿದದ್ದನ್ನು ತುಂಬುವಂತೆಯೂ ಇಲ್ಲ. ನಿಮಗೆ ಕಳಿಸಿದ್ದ ನೆರಳಚ್ಚಿನ ಹಾಳೆಯನ್ನು ದಯವಿಟ್ಟು ವಾಪಸ್ ಕಳಿಸಿ. ನಾನೂ ನೋಡುತ್ತೇನೆ.

ಇತಿ,
ಪರಿಶೀಲಕಿ, ವಂಶದಾಖಲೆ ವಿಭಾಗ


೧೨ ಫೆಬ್ರವರಿ ೧೯೯೭

ಮೇಡಂ,

ಹೊಗಳಿಕೆಗೆ ಕೃತಜ್ಞ. ಜೀವನವಿಡೀ ಕನ್ನಡಕದ ಅಂಗಡಿ ಇಟ್ಟುಕೊಂಡು ಕೂತವನು ನಾನು. ಊರವರಿಗೆಲ್ಲ ಸಣ್ಣಕ್ಷರ ಓದಿಸಿ ಓದಿಸಿ ನನ್ನ ಕಣ್ಣೂ ಪಳಗಿದೆ. ಈಗ ಅಂಗಡಿಯನ್ನು ಅಳಿಯ ನೋಡಿಕೊಳ್ಳುತ್ತಾನೆ. ನಾನು ಹಿಂದಿನ ಕೋಣೆಯಲ್ಲಿ ಕೂತು ನಿಮ್ಮ ಹಾಳೆಗಳ ಮೇಲೆ ಭೂತಗನ್ನಡಿ ಆಡಿಸುತ್ತೇನೆ.

ಆ ಹಾಳೆಯಲ್ಲಿ ಬಹುಶಃ ಪೆನ್ಸಿಲಿನ ಬರಹ ಮಾಸಿಹೋಗಿರಬೇಕು. ನನಗೆ ಕಂಡದ್ದನ್ನು ಬರೆದೆ. ಹಾಳೆ ಕಳಿಸೋಣವೆಂದರೆ ಅದರ ಮೇಲೆ ಚಹಾ ಚೆಲ್ಲಿ ರಾಡಿಯಾಯಿತು, ಬಿಸಾಡಿಬಿಟ್ಟೆ. ಕ್ಷಮಿಸಿ.

ಅಂದಹಾಗೆ, ನನ್ನ ಬೆನ್ನ ಹಿಂದೆ ಇನ್ನೊಬ್ಬರು ಅದೇ ಕಟ್ಟು ಮಾಡುತ್ತಿದ್ದಾರೆಂದು ಮೊದಲೇ ಹೇಳಬಹುದಿತ್ತು. ನಂಬಿಕೆಯ ಕೆಲಸ ಅಂದುಕೊಂಡಿದ್ದೆ.

ಇತಿ,
ಕನ್ನಡಕದವನು


೨೦ ಫೆಬ್ರವರಿ ೧೯೯೭

ಸ್ವಯಂಸೇವಕರೇ,

ನೆಲಮಾಳಿಗೆಯಿಂದ ಮೂಲ ಪುಸ್ತಕವನ್ನೇ ತರಿಸಿದೆ. ನಲವತ್ತಾರನೆಯ ಹಾಳೆಯನ್ನು ಕಿಟಕಿ ಬೆಳಕಿಗೆ ಹಿಡಿದೆ, ದೀಪವನ್ನು ಓರೆಯಾಗಿಟ್ಟು ನೋಡಿದೆ. ಕಾಗದದ ಮೇಲೆ ಮೊನೆ ಒತ್ತಿದ್ದರೆ ಗೆರೆಯಾದರೂ ಉಳಿಯುತ್ತದೆ. ಇಲ್ಲಿ ಒತ್ತಿದ ಗುರುತಿಲ್ಲ, ಒರೆಸಿದ ಗುರುತೂ ಇಲ್ಲ. ಮೇಲ್ಗಡೆ ಮನೆ ಸಂಖ್ಯೆ ಇದೆ, ಅಷ್ಟೇ. ನಿಮಗೆ ಕಂಡದ್ದು ಏನೆಂದು ನನಗೆ ಅರ್ಥವಾಗುತ್ತಿಲ್ಲ.

ನಿಮ್ಮ ಹಳೆಯ ಅರ್ಜಿಯನ್ನೂ ತೆಗೆದು ನೋಡಿದೆ. ಉಳಿದವರೆಲ್ಲ "ಯಾವ ಕಟ್ಟಾದರೂ ಸರಿ" ಎಂದು ಬರೆಯುತ್ತಾರೆ. ನೀವು ಆ ಬೀದಿಯೇ ಬೇಕೆಂದು ಕೇಳಿ ಪಡೆದಿದ್ದೀರಿ. ಕಾರಣ ಬರೆದಿಲ್ಲ.

ಇನ್ನೊಂದು ಪ್ರಶ್ನೆ. ಬಂದರಿನ ಕಡೆ ಗಡಿಯಾರ ರಿಪೇರಿ ಮಾಡುವ ಒಬ್ಬ ಹೆಂಗಸು ನಿಮಗೆ ಪರಿಚಯವೇ? ಯಾಕೆ ಕೇಳಿದೆನೆಂದು ಈಗ ಹೇಳಲಾರೆ.

ಅದೇ ಬೀದಿಯ ಮುಂದಿನ ಮನೆಗಳ ಕಟ್ಟನ್ನು, ಹದಿನೆಂಟನೆಯದನ್ನು, ಇದರೊಂದಿಗೆ ಕಳಿಸಿದ್ದೇನೆ. ಎಂದಿನಂತೆ ಮಾಡಿ.

ಪರಿಶೀಲಕಿ


೩ ಮಾರ್ಚ್ ೧೯೯೭

ಮೇಡಂ,

ಗಡಿಯಾರದ ಹೆಂಗಸರೂ ಗೊತ್ತಿಲ್ಲ, ಗಡಿಯಾರದ ಗಂಡಸರೂ ಗೊತ್ತಿಲ್ಲ. ಬಂದರಿನ ಕಡೆ ನಾನು ತಲೆ ಹಾಕಿಯೂ ಮಲಗಿದವನಲ್ಲ. ಪೊಲೀಸರು ಕೇಳುವ ಹಾಗೆ ಕೇಳಿದ್ದೀರಿ. ನನ್ನ ಮೇಲೆ ಏನು ಅನುಮಾನ ಅಂತ ಬಾಯಿಬಿಟ್ಟು ಹೇಳಿದರೆ ಉತ್ತರ ಕೊಡಬಹುದು.

ಹದಿನೆಂಟನೆಯ ಕಟ್ಟು ಮುಗಿಸಿ ಕಳಿಸಿದ್ದೇನೆ. ಅದರಲ್ಲಿ ಎಪ್ಪತ್ತೊಂದನೆಯ ಹಾಳೆಯ ಹಿಂದೆ, ಸಂಖ್ಯೆಯೇ ಇಲ್ಲದ ಒಂದು ಖಾಲಿ ಹಾಳೆ ಸೇರಿಕೊಂಡಿತ್ತು. "ಖಾಲಿ" ಎಂದೇ ಬರೆದಿದ್ದೇನೆ, ನಿಮ್ಮ ನಿಯಮದಂತೆ. ಆದರೆ ಅದು ಆ ಬೀದಿಯದ್ದಲ್ಲ. ಎಪ್ಪತ್ತೊಂದು ದರ್ಜಿ ಮನೆ, ಅದಾದ ಮೇಲೆ ಬಾವಿ, ಬಾವಿ ಆದ ಮೇಲೆ ಸ್ಕೂಲು, ನಡುವೆ ಮನೆಯೇ ಇರಲಿಲ್ಲ ಅಂತ ನಮ್ಮ ಮನೆಯಲ್ಲೇ ಹೇಳಿದರು.

ನನಗೆ ಪರೀಕ್ಷೆ ಇಟ್ಟಿದ್ದೀರಾ? ನಲವತ್ತು ವರ್ಷ ಬೇರೆಯವರ ಕಣ್ಣು ಪರೀಕ್ಷೆ ಮಾಡಿದೆ. ನನ್ನನ್ನು ಯಾರೂ ಹೀಗೆ ಕುರ್ಚಿಯಲ್ಲಿ ಕೂರಿಸಿರಲಿಲ್ಲ.

ಕನ್ನಡಕದವನು


೧೦ ಮಾರ್ಚ್ ೧೯೯೭

ಸ್ವಯಂಸೇವಕರೇ,

ಹೌದು, ಪರೀಕ್ಷೆಯೇ. ಖಾಲಿ ಹಾಳೆ ಕಂಡಲ್ಲೆಲ್ಲ ಹೆಸರು ಹುಟ್ಟಿಸುವ ಚಟ ನಿಮಗಿದೆಯೋ ಎಂದು ನೋಡಬೇಕಿತ್ತು. ಇಲ್ಲ ಎಂದಾಯಿತು. ಹಾಗಾದರೆ ನೀವು ಒಂದೇ ಒಂದು ಹಾಳೆಯನ್ನು ಆರಿಸಿ ತುಂಬಿದ್ದೀರಿ. ನನಗೆ ಇದು ಇನ್ನೂ ಕೆಟ್ಟದಾಗಿ ಕಾಣುತ್ತಿದೆ.

"ನಮ್ಮ ಮನೆಯಲ್ಲೇ ಹೇಳಿದರು" ಎಂದಿದ್ದೀರಿ. ಯಾರು? ಎಪ್ಪತ್ತಾರು ವರ್ಷ ಹಿಂದೆ ದರ್ಜಿ ಮನೆಯ ಪಕ್ಕ ಬಾವಿ ಇತ್ತೆಂದು ನಿಮ್ಮ ಮನೆಯಲ್ಲಿ ಯಾರಿಗೆ ಗೊತ್ತು?

ಬಾಯಿಬಿಟ್ಟು ಹೇಳಿ ಎಂದಿರಲ್ಲ, ಹೇಳುತ್ತೇನೆ. ಗಡಿಯಾರ ರಿಪೇರಿಯ ಆ ಹೆಂಗಸು ಎರಡು ವರ್ಷದ ಹಿಂದೆ ನಮಗೊಂದು ಪತ್ರ ಬರೆದಿದ್ದರು. ತಮ್ಮ ಅಜ್ಜಿ ಚಿಕ್ಕಂದಿನಲ್ಲಿ ಆ ಬೀದಿಯ ನಲವತ್ತಾರನೆಯ ಮನೆಯಲ್ಲಿದ್ದರು, ಮುತ್ತಜ್ಜ ಕೊಡೆ ರಿಪೇರಿ ಮಾಡುತ್ತಿದ್ದ, ದಾಖಲೆ ಸಿಗುವುದೇ ಎಂದು. ಅದರಲ್ಲಿ ಮೂರು ಹೆಸರು ಕೊಟ್ಟಿದ್ದರು. ಆ ಪತ್ರ ನನ್ನ ಮೇಜಿನ ಸೆಳೆಖಾನೆಯಲ್ಲಿದೆ. ಬೇರೆ ಯಾರೂ ನೋಡಿಲ್ಲ. ನೀವು ಖಾಲಿ ಹಾಳೆಯಲ್ಲಿ "ಕಂಡು" ಬರೆದ ನಾಲ್ಕು ಹೆಸರಲ್ಲಿ ಮೂರು ಅವೇ, ಅಕ್ಷರವೂ ಆಚೀಚೆ ಇಲ್ಲ.

ಇಬ್ಬರೂ ಸೇರಿ ಇಲ್ಲದ ಮನೆತನವೊಂದನ್ನು ದಾಖಲೆಗೆ ತುರುಕುತ್ತಿದ್ದೀರಿ ಎಂದು ನಾನು ಭಾವಿಸಿದರೆ ತಪ್ಪೇ? ಇಂಥದ್ದನ್ನು ಮುಂಚೆಯೂ ಕಂಡಿದ್ದೇನೆ. ಹಳೆಯ ಮನೆಯ ಮೇಲೆ ಹಕ್ಕು ಸಾಧಿಸಲು ಅಜ್ಜನನ್ನೇ ಹೊಸದಾಗಿ ಹುಟ್ಟಿಸಿದವರಿದ್ದಾರೆ.

ತಿಂಗಳ ಕೊನೆಯೊಳಗೆ ಸರಿಯಾದ ಉತ್ತರ ಬರದಿದ್ದರೆ ನೀವು ಮಾಡಿದ ಎರಡೂ ಕಟ್ಟುಗಳನ್ನು ತೆಗೆದುಹಾಕುತ್ತೇನೆ. ಅಲ್ಲಿಯವರೆಗೆ ಹೊಸ ಕಟ್ಟು ಇಲ್ಲ.

ಪರಿಶೀಲಕಿ


೧೯ ಮಾರ್ಚ್ ೧೯೯೭

ಮೇಡಂ,

ನಿಮ್ಮ ಪತ್ರ ಓದಿ ಎರಡು ದಿನ ಸಿಟ್ಟಿನಲ್ಲಿದ್ದೆ. ಮೂರನೆಯ ದಿನ ಹೆದರಿಕೆ ಶುರುವಾಯಿತು. ಆ ಹೆಂಗಸನ್ನು ನಾನು ಕಂಡಿಲ್ಲ, ಆಣೆ ಮಾಡಬೇಕಿದ್ದರೆ ಮಾಡುತ್ತೇನೆ.

ಹೆಸರು ಹೇಳಿದ್ದು ನಮ್ಮ ಅಮ್ಮ.

ಅವರಿಗೆ ಎಂಬತ್ತೆರಡು. ಕಣ್ಣು ಪೂರಾ ಹೋಗಿದೆ. ಊರಿಗೆಲ್ಲ ಕನ್ನಡಕ ಕೊಟ್ಟವನು ಹೆತ್ತವಳಿಗೆ ಒಂದು ಹಾಕಲಾಗಲಿಲ್ಲ. ಈ ಕೆಲಸಕ್ಕೆ ಅರ್ಜಿ ಹಾಕುವಾಗ "ಆ ಬೀದಿ ಸಿಗುತ್ತಾ ಕೇಳು" ಅಂದವರೂ ಅವರೇ. ಯಾಕೆಂದು ಕೇಳಿದರೆ, "ಚಿಕ್ಕವಳಿದ್ದಾಗ ಆ ಕಡೆ ಓಡಾಡಿದ ನೆನಪು" ಅಂದರು. ತಮ್ಮ ತವರಿನ ಬಗ್ಗೆ ಅಮ್ಮ ಎಂದೂ ಇದಕ್ಕಿಂತ ಹೆಚ್ಚು ಹೇಳಿದವರಲ್ಲ. ಅಜ್ಜ ವ್ಯಾಪಾರ ಮಾಡುತ್ತಿದ್ದರು, ಬೇಗ ತೀರಿಕೊಂಡರು, ಮುಗಿಯಿತು, ಅವರ ಹೆಸರನ್ನೂ ಹೇಳಿಲ್ಲ.

ಬರೆದದ್ದನ್ನು ಸಂಜೆ ಅವರಿಗೆ ಓದಿ ಹೇಳುತ್ತಿದ್ದೆ. ಒಂದೊಂದು ಮನೆ ಬಂದಾಗಲೂ ನಗುವುದು, "ಅಯ್ಯೋ, ಆ ಗೊರಕೆಯವನು!" ಅನ್ನುವುದು, ಮಕ್ಕಳ ಅಡ್ಡಹೆಸರು ಹೇಳುವುದು. ನಲವತ್ತೈದು ಮುಗಿಸಿ ಹಾಳೆ ತಿರುಗಿಸಿದೆ.

"ಮುಂದಿನ ಮನೆ?" ಅಂದರು.

"ಖಾಲಿ ಅಮ್ಮ."

"ಸರಿಯಾಗಿ ನೋಡು."

"ನೋಡ್ದೆ. ಏನೂ ಬರೆದಿಲ್ಲ."

"ಇನ್ನೊಂದ್ಸಲ ನೋಡೋ."

ಆ ದನಿ ನಾನು ಕೇಳಿದ್ದೇ ಇಲ್ಲ. ಮೂರನೆಯ ಸಲ "ನೋಡ್ದೆ" ಅಂದಾಗ ಅವರೇ ನಾಲ್ಕು ಹೆಸರು ಹೇಳಿದರು, ವಯಸ್ಸಿನ ಸಮೇತ. "ಬರ್ಕೋ" ಅಂದರು. ಬರೆದುಕೊಂಡೆ. ಹಾಳೆಯ ಮೇಲೆ ಚಹಾ ಚೆಲ್ಲಲಿಲ್ಲ, ಅದು ಅಮ್ಮನ ದಿಂಬಿನ ಕೆಳಗಿದೆ, ಕೊಡುತ್ತಿಲ್ಲ. ಆ ಮನೆಯೇ ಅಮ್ಮನ ಮನೆ, ಸತ್ತುಹೋದ ಅವರ ಅಪ್ಪ ಅಮ್ಮನೇ ಅವರು ಅಂದುಕೊಂಡೆ. ಮುದುಕಿಗೆ "ನಿಮ್ಮವರನ್ನು ಬರೆದೇ ಇಲ್ಲ" ಅನ್ನಲು ನಾಲಿಗೆ ಏಳಲಿಲ್ಲ.

ಈಗ ಮುಚ್ಚಿಟ್ಟ ಇನ್ನೊಂದನ್ನೂ ಹೇಳಿಬಿಡುತ್ತೇನೆ, ನೀವು ಹೇಗೂ ಹುಡುಕಿ ತೆಗೆಯುತ್ತೀರಿ. ನಲವತ್ತೈದನೆಯದು ಬೇಕರಿಯವನ ಮನೆ. ಅವನಿಗೂ ಆರು ವರ್ಷದ ಒಬ್ಬಳು ಮಗಳು. ಹೆಸರು ನಮ್ಮ ಅಮ್ಮನದೇ. ಅದನ್ನು ಓದಿದಾಗ ಅಮ್ಮ ಕಮಕ್ ಕಿಮಕ್ ಅನ್ನಲಿಲ್ಲ. ಅದೇ ಹೆಸರಿನ ಹುಡುಗಿಯರು ನೂರು ಇರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ನಲವತ್ತಾರರ ಹುಡುಗಿಯ ಹೆಸರು ಅಮ್ಮನದ್ದಲ್ಲ. ಹಾಗಾದರೆ ಅಮ್ಮ ಯಾವ ಮನೆಯವರು? ಯಾರ ಹೆಸರನ್ನು ನನ್ನ ಕೈಯಲ್ಲಿ ಬರೆಸಿದರು?

ಅಂದಿನಿಂದ ಅಮ್ಮ ಏನು ಹೇಳಿದರೂ ನಾನು ಒಳಗೊಳಗೇ ತಾಳೆ ನೋಡುತ್ತಿದ್ದೇನೆ. ಈ ವಯಸ್ಸಿನಲ್ಲಿ ಹೆತ್ತ ತಾಯಿಯನ್ನು ಅನುಮಾನದಿಂದ ನೋಡುವ ಹಾಗಾಯಿತು. ದಯವಿಟ್ಟು ಅವರನ್ನು ಕೇಳು ಎಂದು ಮಾತ್ರ ಬರೆಯಬೇಡಿ.

ಕನ್ನಡಕದವನು


೨೭ ಮಾರ್ಚ್ ೧೯೯೭

ಸರ್,

ಕೇಳಿ ಎಂದೇ ಬರೆಯುತ್ತಿದ್ದೇನೆ. ನೀವು ಕೇಳದಿದ್ದರೆ ನಾನೇ ಬಂದು ಕೇಳಬೇಕಾಗುತ್ತದೆ.

ನಿಮ್ಮ ಮಾತನ್ನು ಪೂರ್ತಿ ನಂಬಿದೆ ಎನ್ನಲಾರೆ. ಎಂಬತ್ತೆರಡರ ನೆನಪು ಎಂದರೆ ಒಮ್ಮೊಮ್ಮೆ ಯಾರದೋ ಕಥೆಯನ್ನು ತನ್ನದೆಂದುಕೊಳ್ಳುತ್ತದೆ. ಆದರೆ ಆ ಮೂರು ಹೆಸರು ನನ್ನ ಸೆಳೆಖಾನೆಯಿಂದ ಹಾರಿ ಅವರ ಬಾಯಿಗೆ ಬಂದಿರಲಿಕ್ಕಿಲ್ಲ ಎಂಬಷ್ಟು ಒಪ್ಪುತ್ತೇನೆ.

ನಾನು ಹೇಳದೆ ಉಳಿಸಿದ್ದೂ ಒಂದಿದೆ. ಗಡಿಯಾರದವರ ಪತ್ರಕ್ಕೆ ಅಂದು ನಾನೇ ಉತ್ತರ ಬರೆದಿದ್ದೆ. ಎರಡು ಸಾಲು. "ಆ ಸಂಖ್ಯೆಯ ಹಾಳೆ ಖಾಲಿ ಇದೆ. ಆದ್ದರಿಂದ ಆ ಮನೆಯಲ್ಲಿ ಆಗ ಯಾರೂ ವಾಸವಿರಲಿಲ್ಲ." ಮೊದಲನೆಯ ಸಾಲು ನಿಜ. ಎರಡನೆಯದನ್ನು ಬರೆಯಲು ನನಗೆ ಯಾವ ಆಧಾರವೂ ಇರಲಿಲ್ಲ. ಸ್ವಯಂಸೇವಕರಿಗೆಲ್ಲ ತುಂಬಬೇಡಿ ಎಂದು ಪಾಠ ಹೇಳುವವಳು ನಾನು. ಖಾಲಿ ಹಾಳೆಯೊಳಗೆ ಖಾಲಿ ಮನೆಯನ್ನು ತುಂಬಿದ್ದು ನಾನೇ.

ಆಕೆ ಮತ್ತೆ ಬರೆಯಲಿಲ್ಲ. ಆ ಅಜ್ಜಿ ಆ ವರ್ಷವೇ ತೀರಿಕೊಂಡರೆಂದು ಆಮೇಲೆ ತಿಳಿಯಿತು. ತಾನಿದ್ದ ಮನೆಯಲ್ಲಿ ತಾನು ಇರಲಿಲ್ಲ ಎಂಬ ನನ್ನ ಕಾಗದವನ್ನು ಅವರಿಗೆ ಯಾರಾದರೂ ಓದಿ ಹೇಳಿದರೋ ಇಲ್ಲವೋ, ನನಗೆ ಗೊತ್ತಿಲ್ಲ.

ಕೇಳಿ ಸರ್.

ಪರಿಶೀಲಕಿ


೧೪ ಏಪ್ರಿಲ್ ೧೯೯೭

ಮೇಡಂ,

ಕೇಳಿದೆ. ತಡವಾಯಿತು, ಏಕೆಂದರೆ ಕೇಳಲು ಧೈರ್ಯ ಬರುವುದಕ್ಕೇ ಎರಡು ವಾರ ಹಿಡಿಯಿತು. ಬೆಳಗ್ಗೆ ಅಮ್ಮನ ಉಗುರು ಕತ್ತರಿಸುತ್ತಾ, ಅವರ ಕೈ ನನ್ನ ಕೈಯಲ್ಲಿದ್ದಾಗ, "ಬೇಕರಿಯವನ ಮಗಳು ನೀನೇನಾ?" ಅಂದೆ.

"ಮತ್ತಿನ್ಯಾರು?" ಅಂದರು. ಅಷ್ಟು ಸಲೀಸಾಗಿ.

ಅವರು ಹೇಳಿದ್ದನ್ನು ನನ್ನ ಬಣ್ಣ ಹಚ್ಚದೆ ಬರೆಯುತ್ತೇನೆ.

ಆ ವರ್ಷ ಊರಿನಲ್ಲಿ ಅಂಟುಜ್ವರ. ಕೊಡೆಯವನ ಮನೆಗೆ ಬಂತು, ಮೊದಲು ಕೂಸಿಗೆ, ಆಮೇಲೆ ತಾಯಿಗೆ. ಎರಡೂ ಮನೆಗೆ ಗೋಡೆ ಒಂದೇ, ಅದರ ಈ ಬದಿಗೆ ನಮ್ಮ ಅಜ್ಜನ ಬ್ರೆಡ್ಡಿನ ಒಲೆ. ಜ್ವರದ ಮನೆ ಎಂದು ಗೊತ್ತಾದರೆ ಆಚೀಚೆಯ ತಿಂಡಿ ಅಂಗಡಿಗಳಿಗೂ ಬೀಗ ಬೀಳುತ್ತಿದ್ದ ಕಾಲ. ಮನೆ ಎಣಿಸುವವನು ಬಂದದ್ದು ಆ ವಾರವೇ. ನಮ್ಮ ಅಜ್ಜನ ಮನೆಯವರನ್ನೆಲ್ಲ ಬರೆದುಕೊಂಡು, ಹಾಳೆ ತಿರುಗಿಸಿ, ಮೇಲೆ ಪಕ್ಕದ ಮನೆಯ ಸಂಖ್ಯೆ ಹಾಕಿದನಂತೆ. ಬಾಗಿಲಲ್ಲೇ ನಿಂತು ಕೇಳಿದನಂತೆ, "ಪಕ್ಕದ ಮನೇಲಿ ಎಷ್ಟು ಜನ?"

"ನಮ್ಮಪ್ಪ ಕೈ ಒರೆಸ್ಕೊಂಡು, 'ಅಲ್ಲಿ ಯಾರೂ ಇಲ್ಲಪ್ಪ, ಖಾಲಿ ಮಾಡ್ಕೊಂಡು ಹೋದ್ರು' ಅಂದ್ರು," ಅಂದರು ಅಮ್ಮ. "ನಾನು ಅವರ ಕಾಲ ಹತ್ರಾನೇ ಇದ್ದೆ. ಬೆಳಗ್ಗೆ ತಾನೇ ಆ ಹುಡುಗಿ ಜೊತೆ ಕಿಟಕೀಲಿ ಮಾತಾಡಿದ್ದೆ. ನಾನು ಬಾಯಿ ತೆಗೆದೆ. ನಮ್ಮಪ್ಪ ನನ್ನ ಬಾಯಿಗೆ ಒಂದು ತುಂಡು ಬ್ರೆಡ್ ಇಟ್ರು. ಬಿಸೀದು."

ಎಣಿಕೆಯವನು ಅಜ್ಜನ ಹತ್ತಿರ ಎರಡು ಬ್ರೆಡ್ಡು ತೆಗೆದುಕೊಂಡು ಮುಂದೆ ಹೋದ. ಕೂಸು ಆ ವಾರವೇ ಹೋಯಿತು. ತಾಯಿ ಬದುಕಿಕೊಂಡರು. ಜ್ವರ ಇಳಿದ ಮೇಲೆ ನಗರ ಕಚೇರಿಯವರು ಎಣಿಕೆ ಪುಸ್ತಕ ಹಿಡಿದು ಮನೆಮನೆಗೂ ವಾಸದ ಚೀಟಿ ಕೊಟ್ಟರು, ಅದಿಲ್ಲದವರು ಮನೆ ಬಿಡಬೇಕು. ಕೊಡೆಯವನು ಹೋಗಿ ಕೇಳಿದರೆ, "ಆ ಮನೆ ಖಾಲಿ, ನೀನ್ಯಾರು?" ಅಂದರು. ಅವನು ಅಜ್ಜನ ಬಾಗಿಲಿಗೆ ಬಂದು ನಿಂತ, ಸಾಕ್ಷಿ ಹೇಳಲು ಕರೆಯುವುದಕ್ಕೆ. ಅಜ್ಜ ಒಲೆಯ ಮುಂದಿನಿಂದ ಏಳಲಿಲ್ಲ. ಆ ಮನೆ ಬೇರೆಯವರ ಪಾಲಾಯಿತು. ಕೊಡೆಯವರು ತಲೆಯ ಮೇಲೆ ಗಂಟು ಹೊತ್ತು ಹೊರಟಾಗ ಅಮ್ಮ ಕಿಟಕಿಯಿಂದ ನೋಡುತ್ತಿದ್ದರು. ಹುಡುಗಿ ತಿರುಗಿ ನೋಡಲಿಲ್ಲ.

ನಾನು ಕೇಳಿದೆ, "ಅವರ ಹೆಸರು ಬರೆಸಿ ಸರಿ ಮಾಡೋಣ ಅಂತಾನಾ, ಅಮ್ಮ?"

ನನ್ನ ಕೈಯಿಂದ ಕೈ ಬಿಡಿಸಿಕೊಂಡರು. ಆಮೇಲೆ, "ಆವತ್ತು ಹಾಗಂದ್ಕೊಂಡಿದ್ದೆ. ಈಗ ಬೇಡ ಅನ್ಸುತ್ತೆ. ಅದನ್ನ ಖಾಲಿ ಅಂತಾನೇ ಬರಿ. ತುಂಬಿಸಿಬಿಟ್ರೆ ಎಲ್ಲಾ ಸರಿಯಾಗೇ ಇತ್ತು ಅಂದ್ಕೊತಾರೆ ಜನ. ನಮ್ಮಪ್ಪ ಮಾಡಿದ್ದು ಯಾರಿಗೂ ಗೊತ್ತಾಗಲ್ಲ," ಅಂದರು.

ದಿಂಬಿನ ಕೆಳಗಿನಿಂದ ತೆಗೆದುಕೊಟ್ಟ ಹಾಳೆ ಇದರೊಂದಿಗಿದೆ.

ಕನ್ನಡಕದವನು


೨೨ ಏಪ್ರಿಲ್ ೧೯೯೭

ಸರ್,

ಹಾಳೆ ಬಂತು. ಇಸ್ತ್ರಿ ಮಾಡಿದಂತಾಗಿದೆ.

ನಿಮ್ಮ ತಾಯಿ ಹೇಳಿದಂತೆಯೇ ಮಾಡುತ್ತೇನೆ. ನಿಯಮದಲ್ಲಿರುವುದೂ ಅದೇ, ಆದರೆ ಅವರು ಕೊಟ್ಟ ಕಾರಣ ನಮ್ಮ ನಿಯಮದಲ್ಲಿಲ್ಲ. ಪ್ರತಿಯಲ್ಲಿ "ಮನೆ ಸಂಖ್ಯೆ ೪೬. ಉಳಿದದ್ದು ಖಾಲಿ" ಎಂದು ಇರುತ್ತದೆ. ಅದರ ಕೆಳಗೆ, ಈ ಹಾಳೆ ಏಕೆ ಖಾಲಿಯಾಯಿತೆಂದು ತಿಳಿಯಲು ನಲವತ್ತೈದನೆಯ ಮನೆಯ ಮಗಳ ಹೇಳಿಕೆಯನ್ನು ನೋಡಿ ಎಂದು ಸೇರಿಸುತ್ತೇನೆ. ಅವರು ಹೇಳಿದ್ದನ್ನು ಬರೆದು, ಅವರ ರುಜು ಹಾಕಿಸಿ ಕಳಿಸಿ. ನಿಮ್ಮ ಅಜ್ಜನ ಹೆಸರು ಅದರಲ್ಲಿ ಬರುತ್ತದೆ. ಯೋಚಿಸಿ ಕಳಿಸಿ. ಒಮ್ಮೆ ಸೇರಿಸಿದ್ದನ್ನು ನಾನು ತೆಗೆಯುವುದಿಲ್ಲ.

ಗಡಿಯಾರದವರಿಗೂ ಬರೆದೆ, ನನ್ನ ತಪ್ಪನ್ನು ಮೊದಲು ಹೇಳಿ. ಟೆಲಿಫೋನ್ ಮಾಡಿದರು. ಬೈದರು. ಬೈಯಿಸಿಕೊಂಡೆ. ಮೊದಲು ಯಾರೂ ಇರಲಿಲ್ಲ ಅಂದಿರಿ, ಈಗ ಇದ್ದರು ಅನ್ನುತ್ತೀರಿ, ನಾಳೆ ಏನನ್ನುತ್ತೀರೋ ಅಂದರು. ನಿಮ್ಮ ತಾಯಿಯನ್ನು ಕಣ್ಣಾರೆ ನೋಡದೆ ಒಂದಕ್ಷರವನ್ನೂ ನಂಬುವುದಿಲ್ಲವಂತೆ. ನಿಮ್ಮ ವಿಳಾಸ ಕೇಳಿದರು. ನಿಮ್ಮನ್ನು ಕೇಳದೆ ಕೊಡಲಿಲ್ಲ.

ಪರಿಶೀಲಕಿ


೧೧ ಮೇ ೧೯೯೭

ಮೇಡಂ,

ತಂತಿ ಕಳಿಸಿ ಒಪ್ಪಿಗೆ ಕೊಟ್ಟದ್ದಾಯಿತು, ಅವರು ಬಂದು ಹೋದದ್ದೂ ಆಯಿತು. ನಡೆದದ್ದನ್ನು ನಿಮಗೆ ಹೇಳಬೇಕು.

ನಲವತ್ತರ ಆಸುಪಾಸಿನ ಹೆಂಗಸು. ಬೆರಳ ತುದಿಯಲ್ಲಿ ಎಣ್ಣೆಯ ಕಪ್ಪು, ನನ್ನಂತೆಯೇ ಸಣ್ಣ ಸ್ಕ್ರೂಗಳ ಜೊತೆ ಬದುಕಿದವರು. ಒಳಗೆ ಬಂದವರು ಚೀಲವನ್ನು ಹೆಗಲಿನಿಂದ ಇಳಿಸಲೇ ಇಲ್ಲ. ನಾನು ಕೊಟ್ಟ ಚಹಾ ಮುಟ್ಟಲಿಲ್ಲ. ಅಮ್ಮನ ಎದುರು ಕೂತು, ಮಾರಾಟಕ್ಕೆ ಬಂದ ಹಳೆಯ ಗಡಿಯಾರ ಅಸಲಿಯೋ ನಕಲಿಯೋ ಎಂದು ನೋಡುವವರಂತೆ ನೋಡಿದರು.

"ನಮ್ಮಜ್ಜಿಗೆ ಮೈಮೇಲೆ ಒಂದು ಗುರುತಿತ್ತು. ಎಲ್ಲಿ?"

"ಮೊಣಕೈ ಹತ್ರ, ಸುಟ್ಟ ಕಲೆ. ನಮ್ಮ ಒಲೆ ಬಾಗಿಲು ತಾಗಿದ್ದು," ಅಂದರು ಅಮ್ಮ.

ಆಕೆಯ ಮುಖದಲ್ಲಿ ಏನೋ ಸಡಿಲಾಯಿತು. ಅಮ್ಮ ಎಲ್ಲವನ್ನೂ ಹೇಳಿದರು, ನನಗೆ ಹೇಳಿದ್ದಂತೆಯೇ, ಬಾಯಿಗಿಟ್ಟ ಬಿಸಿ ಬ್ರೆಡ್ಡಿನವರೆಗೂ. ಮುಗಿದ ಮೇಲೆ ಆಕೆ, "ನಿಮ್ಮಪ್ಪನ ಹೆಸರು ಆ ಪುಸ್ತಕದಲ್ಲಿದೆಯಾ?" ಅಂದರು.

"ಇದೆ."

"ಬೇಕರಿ ಎಷ್ಟು ವರ್ಷ ನಡೀತು?"

"ಅವರು ಸಾಯೋವರೆಗೂ ನಡೀತು."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೋಗಲೂ ಆಗಲಿಲ್ಲ. ಅಮ್ಮ ಕುರ್ಚಿಯ ತೋಳು ಹಿಡಿದುಕೊಂಡು ಕೇಳಿದರು, "ನಿಮ್ಮಜ್ಜಿ ನಮ್ಮ ಬಗ್ಗೆ ಏನಾದ್ರೂ ಹೇಳ್ತಿದ್ರಾ?"

"ನಾವು ಚಿಕ್ಕವರಿದ್ದಾಗ ಕೇಳ್ತಿದ್ವಿ, ಅಜ್ಜಿ, ನಿಮ್ಮ ಪಕ್ಕದ ಮನೇಲಿ ಯಾರಿದ್ರು ಅಂತ," ಅಂದರು ಆಕೆ. "ಯಾರೂ ಇರಲಿಲ್ಲ ಅನ್ನೋರು."

ಅಮ್ಮ ತಲೆಯಾಡಿಸಿದರು. "ಸರಿಯಾಗೇ ಹೇಳಿದ್ದಾಳೆ."

ಆಕೆ ಎದ್ದರು. ಹೇಳಿಕೆಯ ಕಾಗದ ಮೇಜಿನ ಮೇಲಿತ್ತು, ಓದಿದರು, ಅಮ್ಮನ ರುಜುವಿನ ಕೆಳಗೆ ಸಾಕ್ಷಿಯೆಂದು ತಮ್ಮದನ್ನೂ ಹಾಕಿದರು. ಅದು ಕ್ಷಮೆಯೆಂದು ನಾನು ತಿಳಿದಿಲ್ಲ, ನೀವೂ ತಿಳಿಯಬೇಡಿ. ಬಾಗಿಲು ತೆಗೆಯಲು ನಾನು ಮುಂದೆ ಹೋದೆ. ಹೊಸ್ತಿಲ ಹತ್ತಿರ ಅವರು ನಿಂತರು.

"ಆ ನಾಲ್ಕನೇ ಹೆಸರು. ಕೂಸಿಂದು. ನಮ್ಮ ಮನೇಲಿ ಅಂಥದ್ದೊಂದು ಮಗು ಇತ್ತು ಅಂತಾನೇ ಯಾರಿಗೂ ಗೊತ್ತಿಲ್ಲ. ಅಜ್ಜಿ ಹೇಳೇ ಇಲ್ಲ." ಬೆನ್ನು ತಿರುಗಿಸಿಕೊಂಡೇ ಕೇಳಿದರು, "ಹೇಗಿತ್ತು ಅದು?"

"ಅಯ್ಯೋ, ರಾಗದ ಕೂಸು," ಅಂದರು ಅಮ್ಮ. "ಹಗಲೂ ರಾತ್ರಿ ಅಳೋದು. ಗೋಡೆ ದಾಟಿ ನಮ್ಮನೆಗೆಲ್ಲ ಕೇಳ್ಸೋದು. ಇದರ ಗಂಟಲಿಗೆ ಬೀಗ ಹಾಕ್ಸಬೇಕು ಅಂತ ನಮ್ಮಮ್ಮ ದಿನಾ ಬೈಯೋರು."

ಆಕೆ ತಿರುಗಿದರು. "ಮತ್ತೆ ಆ ಎಣಿಸೋನಿಗೆ ಕೇಳಿಸಲಿಲ್ವಾ?"

"ಅವತ್ತು ಅಳಲಿಲ್ಲ," ಅಂದರು ಅಮ್ಮ.

ಆಕೆ ಹೊಸ್ತಿಲಿಂದ ಒಳಕ್ಕೆ ಬಂದರು. ಆಮೇಲೆ ಚೀಲವನ್ನು ಹೆಗಲಿನಿಂದ ಇಳಿಸಿ, ಅಮ್ಮನ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡು ಕೂತರು.

ಕನ್ನಡಕದವನು